ಕೀ ನಿಮ್ಮ ಕೈಯಲ್ಲಿರಲಿ, ತವರಿನ ದಾರಿಯೂ ನಿಮ್ಮದಾಗಲಿ

‘ಡ್ರೈವಿಂಗ್ ಲೈಸೆನ್ಸ್ ಇದೆಯಾ?’ ಅಂತ ಯಾರಾದರೂ ಕೇಳಿದರೆ ನೀವು ಏನು ಹೇಳುತ್ತೀರಿ? ‘ಇದೆ, ಆದ್ರೆ ಓಡಿಸೋಲ್ಲ’ ಅನ್ನುವವರೇ ನಮ್ಮಲ್ಲಿ ಹೆಚ್ಚು. ಮದುವೆಗೆ ಮುಂಚೆ ಅಪ್ಪನ ಒತ್ತಾಯಕ್ಕೆ ಮಾಡಿಸಿದ್ದು, ಇಲ್ಲವೇ ಮಗು ಶಾಲೆಗೆ ಸೇರಿದ ವರ್ಷ ಹುರುಪಿನಿಂದ ಡ್ರೈವಿಂಗ್ ಸ್ಕೂಲಿಗೆ ಹೋಗಿ ಪಡೆದದ್ದು. ಈಗ ಅದು ಬೀರುವಿನ ಲಾಕರಿನಲ್ಲಿ ಒಡವೆಯ ರಸೀದಿ, ಮಕ್ಕಳ ಜಾತಕದ ಜೊತೆ ಭದ್ರವಾಗಿದೆ. ಕಾರು ಮಾತ್ರ ಯಜಮಾನರ ಕೈಯಲ್ಲಿ.

ಯಾಕೆ ಓಡಿಸಲಿಲ್ಲ ಅಂತ ಕೇಳಿದರೆ ಕಾರಣಗಳು ಒಂದೇ ಥರ. ಫ್ಲೈಓವರ್ ಏರುವಾಗ ಗಾಡಿ ಹಿಂದಕ್ಕೆ ಜಾರಿತು. ಸಿಗ್ನಲ್ಲಿನಲ್ಲಿ ಕ್ಲಚ್ ಬಿಟ್ಟದ್ದು ಬೇಗ ಆಯಿತು, ಎಂಜಿನ್ ಆಫ್ ಆಯಿತು. ಹಿಂದಿನವರೆಲ್ಲ ಹಾರ್ನ್ ಹೊಡೆದರು. ಪಕ್ಕದಲ್ಲಿ ಕೂತವರು ಕೂಗಾಡಿದರು. ಅಲ್ಲಿಗೆ ಮುಗಿಯಿತು! ಒಂದು ಸಂಜೆಯ ಅವಮಾನ ಹದಿನೈದು ವರ್ಷದ ಭಯವಾಗಿ ಕೂತುಬಿಟ್ಟಿತು.

ಈಗ ಎಲೆಕ್ಟ್ರಿಕ್ ಕಾರು ಬಂದಿದೆ. ಕ್ಲಚ್ ಇಲ್ಲ, ಗೇರು ಬದಲಾಯಿಸುವ ರಗಳೆ ಇಲ್ಲ, ಎಂಜಿನ್ ಆಫ್ ಆಗುವ ಪ್ರಶ್ನೆಯೇ ಇಲ್ಲ. ‘ಇದಾದ್ರೆ ನಾನೂ ಓಡಿಸಬಹುದಾ?’ ಅನ್ನೋದು ಈಗ ಎಷ್ಟೋ ಗೃಹಿಣಿಯರ ಮನಸ್ಸಿನ ಪ್ರಶ್ನೆ. ಓಡಿಸಬಹುದು, ಖಂಡಿತ. ಆದರೆ ಅದಕ್ಕೆ ಮುಂಚೆ ತಿಳಿದುಕೊಳ್ಳಬೇಕಾದ ಕೆಲವು ಸಂಗತಿಗಳಿವೆ. ಕಾರಿನ ಬಗ್ಗೆ ಕೆಲವು, ಮನೆಯ ಬಗ್ಗೆ ಕೆಲವು.

ಗೇರಿಲ್ಲದ ಗಾಡಿ ತಂದ ಧೈರ್ಯ

ಹಿಂದೆಯೂ ಹೀಗೇ ಆಗಿತ್ತು, ನೆನಪಿದೆಯೇ? 1984ರಲ್ಲಿ ಕೈನೆಟಿಕ್ ಹೋಂಡಾ ಬಂತು. ಕಿಕ್ ಹೊಡೆಯುವ ಹಾಗಿಲ್ಲ, ಗೇರಿಲ್ಲ, ಬಟನ್ ಒತ್ತಿದರೆ ಸ್ಟಾರ್ಟು. ಆಮೇಲೆ 1990ರ ದಶಕದಲ್ಲಿ ಸ್ಕೂಟಿ. ಸೀರೆ ಉಟ್ಟ ಟೀಚರ್, ಬ್ಯಾಂಕಿನ ಮೇಡಂ, ಕಾಲೇಜಿನ ಹುಡುಗಿ ಎಲ್ಲರೂ ರಸ್ತೆಗೆ ಬಂದರು. ಅವರಿಗೆ ಮೊದಲೇ ಧೈರ್ಯವಿರಲಿಲ್ಲ ಅಂತಲ್ಲ, ಅವರ ಕೈಗೆ ಹೊಂದುವ ಗಾಡಿ ಇರಲಿಲ್ಲ ಅಷ್ಟೆ.

ಎಲೆಕ್ಟ್ರಿಕ್ ಕಾರಿನ ವಿಷಯದಲ್ಲಂತೂ ನಮ್ಮ ಬೆಂಗಳೂರು ದೇಶಕ್ಕೇ ಮುಂದು. ‘ರೇವಾ’ ನೆನಪಿದೆಯಲ್ಲ? ಬೊಮ್ಮಸಂದ್ರದಲ್ಲಿ ತಯಾರಾಗಿ 2001ರಲ್ಲಿ ರಸ್ತೆಗೆ ಬಂದ ಪುಟಾಣಿ ಕಾರು. ಮೈನಿ ಸಮೂಹದ ಚೇತನ್ ಮೈನಿ ಅದರ ಹಿಂದಿದ್ದವರು. ಎರಡೇ ಬಾಗಿಲು, ಮುಂದೆ ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು. ಲಂಡನ್ನಿನಲ್ಲಿ ಅದೇ ಕಾರು ‘ಜಿ-ವಿಜ್’ ಅನ್ನುವ ಹೆಸರಿನಲ್ಲಿ ಓಡಾಡಿತು. 2010ರಲ್ಲಿ ಮಹೀಂದ್ರ ಕಂಪನಿ ಅದನ್ನು ತನ್ನದಾಗಿಸಿಕೊಂಡಿತು. ರೇವಾಗೆ ಇದ್ದದ್ದು ಸೀಸ-ಆಮ್ಲದ ಬ್ಯಾಟರಿ, ಅಂದರೆ ನಮ್ಮ ಮನೆಯ ಯುಪಿಎಸ್‌ಗೆ ಹಾಕುವ ಜಾತಿಯದು. ಒಂದು ಸಲ ಚಾರ್ಜ್ ಮಾಡಿದರೆ ಸುಮಾರು 80 ಕಿ.ಮೀ. ಊರೊಳಗೆ ಓಡಾಡಲು ಸಾಕು, ಊರಾಚೆಗೆ ಹೋಗಿ ಬರಲು ಸಾಲದು.

ಇನ್ನೂ ಹಿಂದಕ್ಕೆ ಹೋದರೆ ತಮಾಷೆಯ ಸಂಗತಿಯೊಂದಿದೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಮೆರಿಕದಲ್ಲಿ ಎಲೆಕ್ಟ್ರಿಕ್ ಕಾರನ್ನು ‘ಹೆಂಗಸರ ಕಾರು’ ಅಂತಲೇ ಮಾರುತ್ತಿದ್ದರು. ಪೆಟ್ರೋಲ್ ಕಾರನ್ನು ಆಗ ಮುಂದೆ ನಿಂತು ಕಬ್ಬಿಣದ ಹಿಡಿ ತಿರುಗಿಸಿ ಸ್ಟಾರ್ಟ್ ಮಾಡಬೇಕಿತ್ತು. ಕೈ ಮುರಿದುಕೊಂಡವರೂ ಇದ್ದರು. ಪೆಟ್ರೋಲ್ ಕಾರುಗಳನ್ನು ಮಾರಿ ಲೋಕಪ್ರಸಿದ್ಧನಾದ ಹೆನ್ರಿ ಫೋರ್ಡ್‌ನ ಹೆಂಡತಿ ಕ್ಲಾರಾ ಓಡಿಸುತ್ತಿದ್ದದ್ದು ಯಾವ ಕಾರು ಗೊತ್ತೇ? ಬೇರೆ ಕಂಪನಿಯ ಎಲೆಕ್ಟ್ರಿಕ್ ಕಾರು, ಡೆಟ್ರಾಯಿಟ್ ಎಲೆಕ್ಟ್ರಿಕ್! 1912ರಲ್ಲಿ ಪೆಟ್ರೋಲ್ ಕಾರಿಗೂ ಬಟನ್ ಸ್ಟಾರ್ಟ್ ಬಂತು, ಎಲೆಕ್ಟ್ರಿಕ್ ಕಾರು ಮೆಲ್ಲಗೆ ಮರೆಗೆ ಸರಿಯಿತು. ‘ಹೆಂಗಸರ ಕಾರು’ ಅನ್ನುವ ಮಾತು ಮಾತ್ರ ನೂರು ವರ್ಷವಾದರೂ ಸತ್ತಿಲ್ಲ. ಅದು ಹೇಗೆ ಅಂತ ಮುಂದೆ ಓದಿ.

‘ಮಾರ್ಕೆಟ್ಟಿಗೆ ನಡ್ಕೊಂಡೇ ಹೋಗ್ತೀನಪ್ಪ’

ಓದುಗರೊಬ್ಬರ ಅನುಭವ ಇದು. ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ಮನೆ. ತವರು ಮಾಗಡಿ ಕಡೆಯ ಗುಡೇಮಾರನಹಳ್ಳಿ. ಅಪ್ಪ ಇಲ್ಲ. ಅಮ್ಮ ಒಬ್ಬರೇ, ಹಸು ಮಾರಿದರೂ ಮನೆ ಬಿಟ್ಟು ಬರಲು ಒಪ್ಪದವರು. ನೆಲಮಂಗಲ ದಾಟಿ ಹಾಸನದ ಹೆದ್ದಾರಿ ಹಿಡಿದು, ಸೋಲೂರಿನ ಆಸುಪಾಸಿನಲ್ಲಿ ಮಾಗಡಿ ಕಡೆಗೆ ತಿರುಗಿದರೆ ಊರು. ಹೆಚ್ಚುಕಮ್ಮಿ ಐವತ್ತು ಕಿಲೋಮೀಟರ್. ದೂರವೇನಲ್ಲ ಬಿಡಿ. ಆದರೆ ಅವರು ಹೇಳಿದ ಒಂದು ಮಾತು ಕೇಳಿ: ‘ಅಮ್ಮಂಗೆ ಜ್ವರ ಬಂದಿದ್ದು ಮಂಗಳವಾರ. ನಾನು ಹೋಗಿದ್ದು ಭಾನುವಾರ.’

ಯಾಕೆ? ಯಜಮಾನರಿಗೆ ರಜಾ ಇದ್ದದ್ದು ಭಾನುವಾರ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸಿಗೆ ನಮಗೆ ಟಿಕೆಟ್ ಇಲ್ಲ, ನಿಜ. ಎಷ್ಟೋ ಹೆಣ್ಣುಮಕ್ಕಳಿಗೆ ಅದು ದೊಡ್ಡ ಆಸರೆ. ಆದರೆ ಬಸ್ಸು ಬಿಟ್ಟಿ ಇದ್ದ ಮಾತ್ರಕ್ಕೆ ಮಕ್ಕಳು ಶಾಲೆಯಿಂದ ಬರುವ ಹೊತ್ತಿಗೆ ವಾಪಸ್ಸು ತಲುಪಿಸುತ್ತದೆಯೇ? ಜ್ವರ ಬಂದ ಅಮ್ಮನನ್ನು ಬಾಗಿಲಿನಿಂದ ಆಸ್ಪತ್ರೆಯವರೆಗೆ ಕರೆದೊಯ್ಯುತ್ತದೆಯೇ?

ಲೈಸೆನ್ಸ್ ಪಡೆದು ಆರು ವರ್ಷವಾಗಿದ್ದರೂ ಅವರು ಒಬ್ಬರೇ ಕಾರು ಓಡಿಸಿರಲಿಲ್ಲ. ಎಲೆಕ್ಟ್ರಿಕ್ ಕಾರು ನೋಡೋಣ ಅಂತ ಗಂಡನ ಜೊತೆ ಶೋರೂಮಿಗೆ ಹೋದರು. ಅಲ್ಲಿದ್ದ ಹುಡುಗ ಮಾತಾಡಿದ್ದೆಲ್ಲ ಯಜಮಾನರ ಜೊತೆ. ‘ಸರ್, ಮೇಡಂಗೆ ಹೇಳಿ ಮಾಡಿಸಿದ ಗಾಡಿ. ಮಾರ್ಕೆಟ್ಟು, ದೇವಸ್ಥಾನ, ಮಕ್ಕಳ ಟ್ಯೂಷನ್ನು... ಆರಾಮಾಗಿ ಹೋಗ್ಬರ್ತಾರೆ.’

‘ಮಾರ್ಕೆಟ್ಟಿಗೆ ನಾನು ನಡ್ಕೊಂಡೇ ಹೋಗ್ತೀನಪ್ಪ. ಗುಡೇಮಾರನಹಳ್ಳಿಗೆ ಹೋಗಿ ಬರೋಕಾಗುತ್ತಾ, ಅದನ್ನ ಹೇಳು’ ಅಂದರಂತೆ ಇವರು.

ಭೇಷ್! ಕಾರು ಕೊಳ್ಳುವ ಯಾವ ಹೆಂಗಸೂ ಕೇಳಬೇಕಾದ ಮೊದಲ ಪ್ರಶ್ನೆ ಅದು. ನೀವು ನಿಜವಾಗಿ ಹೋಗಬೇಕಾದ ಜಾಗದ ಹೆಸರು ಹೇಳಿ ಕೇಳಿ.

ಸೀಟಿನಲ್ಲಿ ಕೂತಾಗ

ಟೆಸ್ಟ್ ಡ್ರೈವ್ ಅಂದರೆ ಎಸಿ ಹಾಕಿಕೊಂಡು ಬಡಾವಣೆಗೆ ಒಂದು ಸುತ್ತು ಬರುವುದಲ್ಲ. ಮೊದಲು ಲೈಸೆನ್ಸಿನ ತಾರೀಖು ನೋಡಿಕೊಳ್ಳಿ. ಅವಧಿ ಮುಗಿದು ಒಂದು ವರ್ಷ ದಾಟಿದ್ದರೆ ಮತ್ತೆ ಪರೀಕ್ಷೆ ಕೊಡಬೇಕಾಗುತ್ತದೆ. ಎಲ್‌ಎಲ್‌ಆರ್ ಮಾತ್ರ ಇದ್ದವರು ಲೈಸೆನ್ಸ್ ಇದ್ದವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಓಡಿಸಬೇಕು, ಗಾಡಿಗೆ ಕೆಂಪು ‘ಎಲ್’ ಹಾಕಿರಬೇಕು. ಶೋರೂಮಿನವರು ಟೆಸ್ಟ್ ಡ್ರೈವಿಗೆ ಪೂರ್ತಿ ಲೈಸೆನ್ಸನ್ನೇ ಕೇಳುವುದು ರೂಢಿ.

ಭಾನುವಾರ ಬೆಳಗ್ಗೆ, ರಸ್ತೆ ಖಾಲಿ ಇರುವ ಹೊತ್ತಿಗೆ ಹೋಗಿ. ಪಕ್ಕದ ಸೀಟಿನಲ್ಲಿ ಶೋರೂಮಿನವರು ಇರಲಿ, ಯಜಮಾನರು ಹಿಂದೆ ಕೂರಲಿ. ಇದನ್ನು ನಗೆಚಾಟಿಕೆಗೆ ಹೇಳುತ್ತಿಲ್ಲ. ಪಕ್ಕದಲ್ಲಿ ಗಂಡ ಕೂತರೆ ಇಲ್ಲದ ಬ್ರೇಕನ್ನು ಅವರು ಒತ್ತುತ್ತಾ ಇರುತ್ತಾರೆ, ನಮ್ಮ ಕಣ್ಣು ರಸ್ತೆ ಬಿಟ್ಟು ಅವರ ಮುಖ ನೋಡುತ್ತಾ ಇರುತ್ತದೆ! ನಮ್ಮ ಓದುಗರೂ ಹಿಂದಿನಿಂದ ‘ಬ್ರೇಕು, ಬ್ರೇಕು’ ಅಂತ ಕೇಳಿಬಂದಾಗ, ‘ರೀ, ಸ್ವಲ್ಪ ಸುಮ್ನಿರ್ತೀರಾ?’ ಅಂದು ಗಾಡಿ ಓಡಿಸಿದರಂತೆ.

ಇನ್ನು ಗಾಡಿಯ ವಿಷಯ. ಸ್ಟಾರ್ಟ್ ಮಾಡಿದಿರಿ. ಸದ್ದೇ ಇಲ್ಲ! ಆನ್ ಆಗಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಎದುರಿನ ಪರದೆಯಲ್ಲಿ ‘ರೆಡಿ’ ಅಂತ ಬಂದಿದ್ದರೆ ಕಾರು ಹೊರಡಲು ಸಿದ್ಧ ಅಂತ ಅರ್ಥ. ಪೆಟ್ರೋಲ್ ಕಾರಿನಲ್ಲಿ ಎಂಜಿನ್ನಿನ ನಡುಕವೇ ನಮಗೆ ಎಚ್ಚರಿಕೆ ಕೊಡುತ್ತಿತ್ತು. ಇಲ್ಲಿ ಆ ಎಚ್ಚರಿಕೆ ಇಲ್ಲ. ಆದ್ದರಿಂದ ಇಳಿಯುವ ಮುಂಚೆ ಆಫ್ ಮಾಡಿದ್ದೀನಾ, ಹ್ಯಾಂಡ್ ಬ್ರೇಕ್ ಹಾಕಿದ್ದೀನಾ ಅಂತ ನೋಡುವುದು ಅಭ್ಯಾಸವಾಗಬೇಕು. ಗ್ಯಾಸ್ ಆಫ್ ಮಾಡಿದ್ದೀನಾ ಅಂತ ನೋಡ್ತೀವಲ್ಲ, ಹಾಗೆ.

ಎರಡನೆಯದು, ಓಟ. ಎಲೆಕ್ಟ್ರಿಕ್ ಮೋಟಾರಿಗೆ ನಿಂತ ಜಾಗದಿಂದಲೇ ಪೂರ್ತಿ ಬಲ. ಆಕ್ಸಿಲರೇಟರನ್ನು ಹೊಲಿಗೆ ಯಂತ್ರದ ಪೆಡಲಿನಂತೆ ಒಮ್ಮೆಲೇ ತುಳಿದರೆ ಗಾಡಿ ಚಿಮ್ಮುತ್ತದೆ. ಮೊಟ್ಟೆಯ ಮೇಲೆ ಕಾಲಿಟ್ಟ ಹಾಗೆ ಮೆಲ್ಲಗೆ ಒತ್ತಿ. ‘ಇಕೋ’ ಅಂತ ಒಂದು ಮೋಡ್ ಇರುತ್ತದೆ, ಮೊದಲ ತಿಂಗಳು ಅದರಲ್ಲೇ ಓಡಿಸಿ.

ಮೂರನೆಯದು, ತನ್ನಿಂದ ತಾನೇ ನಿಧಾನವಾಗುವುದು. ಆಕ್ಸಿಲರೇಟರಿನಿಂದ ಕಾಲು ತೆಗೆದ ತಕ್ಷಣ ಕಾರು ಯಾರೋ ಹಿಂದಿನಿಂದ ಹಿಡಿದ ಹಾಗೆ ನಿಧಾನವಾಗುತ್ತದೆ. ಗಾಬರಿ ಬೇಡ. ಚಕ್ರದ ಓಟವನ್ನೇ ಮತ್ತೆ ಕರೆಂಟಾಗಿ ಮಾಡಿ ಬ್ಯಾಟರಿಗೆ ತುಂಬಿಸುವ ಏರ್ಪಾಡು ಅದು. ಎಷ್ಟು ಜೋರಾಗಿ ಹಿಡಿಯಬೇಕು ಅನ್ನುವುದನ್ನು ಅನೇಕ ಕಾರುಗಳಲ್ಲಿ ನೀವೇ ಹೆಚ್ಚು ಕಮ್ಮಿ ಮಾಡಬಹುದು. ಕಡಿಮೆ ಮಟ್ಟದಿಂದ ಶುರು ಮಾಡಿ. ಜೋರಾಗಿಟ್ಟರೆ ಹಿಂದೆ ಕೂತ ಮಕ್ಕಳಿಗೆ ವಾಂತಿ ಬಂದ ಹಾಗಾಗುವುದುಂಟು. ಮತ್ತೆ, ತುರ್ತಿಗೆ ನಿಲ್ಲಿಸಲು ಬ್ರೇಕೇ ಗತಿ, ಕಾಲು ಅದನ್ನು ಮರೆಯಬಾರದು. ಬಲಗಾಲೊಂದೇ ಎರಡೂ ಪೆಡಲ್ ನೋಡಿಕೊಳ್ಳಲಿ, ಎಡಗಾಲಿಗೆ ಪೂರ್ತಿ ರಜೆ.

ಟೆಸ್ಟ್ ಡ್ರೈವಿನಲ್ಲಿ ಒಂದು ಏರು, ಒಂದು ಯೂ ಟರ್ನ್, ಒಂದು ರಿವರ್ಸ್ ಪಾರ್ಕಿಂಗ್ ಇರಲೇಬೇಕು ಅಂತ ಹಠ ಹಿಡಿಯಿರಿ. ನಿಮ್ಮನ್ನು ಹದಿನೈದು ವರ್ಷ ಹೆದರಿಸಿದ್ದು ಏರು ತಾನೇ? ಅದನ್ನೇ ಮೊದಲು ಹತ್ತಿಸಿ. ನಮ್ಮ ಓದುಗರು ಬೇಸ್‌ಮೆಂಟಿನ ಏರಿನ ಮಧ್ಯೆ ಬೇಕೆಂದೇ ನಿಲ್ಲಿಸಿ, ಮತ್ತೆ ಹೊರಟು ನೋಡಿದರಂತೆ. ‘ಒಂಚೂರೂ ಹಿಂದಕ್ಕೆ ಹೋಗ್ಲಿಲ್ಲ, ನಂಗೇ ನಂಬೋಕಾಗ್ಲಿಲ್ಲ’ ಅನ್ನುವಾಗ ಅವರ ದನಿಯಲ್ಲಿ ಪಿಯುಸಿ ಪಾಸಾದ ಹುಡುಗಿಯ ಸಂಭ್ರಮ. ಎಲ್ಲ ಕಾರೂ ಏರಿನಲ್ಲಿ ಹೀಗೇ ಹಿಡಿದುಕೊಳ್ಳುತ್ತದೆ ಅನ್ನುವಂತಿಲ್ಲ, ನೀವು ಕೊಳ್ಳುವ ಕಾರಿನಲ್ಲೇ ಪರೀಕ್ಷೆ ಮಾಡಿ.

ಹೊರಡುವಾಗ ಪರದೆಯಲ್ಲಿ ಇನ್ನೆಷ್ಟು ಕಿ.ಮೀ. ಓಡುತ್ತದೆ ಅಂತ ತೋರಿಸುತ್ತಿತ್ತು, ಬಂದಾಗ ಎಷ್ಟು ತೋರಿಸುತ್ತಿದೆ, ನಡುವೆ ಓಡಿದ್ದು ಎಷ್ಟು? ಈ ಮೂರನ್ನೂ ಚೀಟಿಯಲ್ಲಿ ಬರೆದುಕೊಳ್ಳಿ. ಹತ್ತು ಕಿ.ಮೀ. ಓಡಿದ್ದಕ್ಕೆ ಹದಿನಾಲ್ಕು ಕಡಿಮೆಯಾಗಿದ್ದರೆ ಜಾಹೀರಾತಿನ ಲೆಕ್ಕ ಪೂರ್ತಿ ನಂಬುವಂತಿಲ್ಲ ಅಂತ ಅರ್ಥ.

ಲೆಕ್ಕ ಹಾಕೋಣ ಬನ್ನಿ

ಪಾಂಪ್ಲೆಟ್ಟಿನಲ್ಲಿ ಬರೆದ ದೂರ ಪರೀಕ್ಷಾ ಕೊಠಡಿಯದು. ನಮಗೆ ಬೇಕಾದದ್ದು ರಸ್ತೆಯ ಲೆಕ್ಕ. ಚಿಕ್ಕ ಎಲೆಕ್ಟ್ರಿಕ್ ಕಾರು ಊರೊಳಗೆ ಯೂನಿಟ್ಟಿಗೆ ಏಳು ಕಿ.ಮೀ., ಹೆದ್ದಾರಿಯಲ್ಲಿ ಆರು ಕಿ.ಮೀ. ಅಂತ ಇಟ್ಟುಕೊಳ್ಳಿ. 2022ರಲ್ಲಿ ಬಂದ ಟಾಟಾ ಟಿಯಾಗೊ ಎಲೆಕ್ಟ್ರಿಕ್‌ನ ದೊಡ್ಡ ಬ್ಯಾಟರಿ 24 ಯೂನಿಟ್ಟಿನದು. ಆರರ ಲೆಕ್ಕದಲ್ಲಿ 144 ಕಿ.ಮೀ. ಬ್ಯಾಟರಿಯನ್ನು ತಳ ಕಾಣುವವರೆಗೆ ಓಡಿಸಬಾರದು, ಐದರಲ್ಲಿ ಒಂದು ಪಾಲು ಉಳಿಸಿಕೊಂಡರೆ 115. ಗುಡೇಮಾರನಹಳ್ಳಿಗೆ ಹೋಗಿ ಬರಲು ನೂರು. ಆಗುತ್ತದೆ! 2023ರಲ್ಲಿ ಬಂದ ಎಂಜಿ ಕಾಮೆಟ್‌ನ ಬ್ಯಾಟರಿ 17.3 ಯೂನಿಟ್. ಅದೇ ಲೆಕ್ಕದಲ್ಲಿ ಉಳಿತಾಯ ಬಿಟ್ಟು 83 ಕಿ.ಮೀ. ಅಂದರೆ ಹೋಗಬಹುದು, ಬರುವ ಮುಂಚೆ ಸ್ವಲ್ಪ ಚಾರ್ಜ್ ಮಾಡಬೇಕು.

ಅದೇನು ಕಷ್ಟವಲ್ಲ. ಮನೆಯ 15 ಆಂಪ್ಸ್ ಪ್ಲಗ್ಗಿನಲ್ಲಿ ಗಂಟೆಗೆ ಎರಡೂವರೆಯಿಂದ ಮೂರು ಯೂನಿಟ್ ತುಂಬುತ್ತದೆ. ಅಮ್ಮನ ಮನೆಯಲ್ಲಿ ಮುದ್ದೆ, ಬಸ್ಸಾರು ಉಂಡು, ಒಂದು ನಿದ್ದೆ ತೆಗೆದು, ಕಾಫಿ ಕುಡಿಯುವಷ್ಟರಲ್ಲಿ ಮೂರು ಗಂಟೆ. ವಾಪಸ್ಸು ಬರಲು ಬೇಕಾದಷ್ಟು ಕರೆಂಟು ಬಂದಿರುತ್ತದೆ. ಎಂಟು ಯೂನಿಟ್ಟಿಗೆ ಐವತ್ತು ರೂಪಾಯಿ ಆಗಬಹುದು, ಅದನ್ನು ಅಮ್ಮನ ಕೈಗೆ ಕೊಟ್ಟು ಬನ್ನಿ. ‘ತಂಗಿ ಬಂದು ಕರೆಂಟು ಎಳ್ಕೊಂಡು ಹೋದ್ಲು’ ಅಂತ ಅತ್ತಿಗೆಯ ಬಾಯಲ್ಲಿ ಬರುವುದು ಬೇಡ.

ಇನ್ನು ದುಡ್ಡಿನ ಲೆಕ್ಕ. ನೂರು ಕಿ.ಮೀ.ಗೆ ಚಾರ್ಜಿಂಗಿನಲ್ಲಿ ಸೋರುವುದೂ ಸೇರಿ 18 ಯೂನಿಟ್. ಯೂನಿಟ್ಟಿಗೆ ಸುಮಾರು 6 ರೂಪಾಯಿ ಅಂದರೆ 108 ರೂಪಾಯಿ. ಲೀಟರಿಗೆ 15 ಕಿ.ಮೀ. ಕೊಡುವ ಪೆಟ್ರೋಲ್ ಕಾರಿಗೆ, ಲೀಟರ್ ನೂರು ರೂಪಾಯಿ ದಾಟಿರುವಾಗ, 680 ರೂಪಾಯಿ. ನೂರು ಕಿ.ಮೀ.ಗೆ 570ರ ಉಳಿತಾಯ. 2019ರ ಆಗಸ್ಟ್‌ನಿಂದ ಎಲೆಕ್ಟ್ರಿಕ್ ಗಾಡಿಗೆ ಜಿಎಸ್‌ಟಿ ಶೇ 5 ಮಾತ್ರ. ಆದರೂ ಇದೇ ಗಾತ್ರದ ಪೆಟ್ರೋಲ್ ಕಾರಿಗಿಂತ ಬೆಲೆ ಹೆಚ್ಚೇ ಇರುತ್ತದೆ. ಆ ವ್ಯತ್ಯಾಸ ಎರಡೂವರೆ ಲಕ್ಷ ಅಂತ ಇಟ್ಟುಕೊಳ್ಳಿ. ತಿಂಗಳಿಗೆ 300 ಕಿ.ಮೀ. ಓಡಿಸಿದರೆ ವರ್ಷಕ್ಕೆ ಉಳಿಯುವುದು ಇಪ್ಪತ್ತು ಸಾವಿರ. ಹಾಕಿದ ದುಡ್ಡು ವಾಪಸ್ಸು ಬರಲು ಹನ್ನೆರಡು ವರ್ಷ ಬೇಕು! ತಿಂಗಳಿಗೆ ಸಾವಿರ ಕಿ.ಮೀ. ಓಡಿಸಿದರೆ ನಾಲ್ಕು ವರ್ಷದೊಳಗೆ ಬರುತ್ತದೆ.

ಈ ಲೆಕ್ಕದಲ್ಲಿ ಒಂದು ಪಾಠವಿದೆ, ಗಮನಿಸಿದಿರಾ? ‘ಮೇಡಂ ಮಾರ್ಕೆಟ್ಟಿಗೆ ಹೋಗಿ ಬರೋಕೆ ಸರಿ’ ಅಂತ ಮಾರುವ ಗಾಡಿ, ಮಾರ್ಕೆಟ್ಟಿಗೆ ಮಾತ್ರ ಓಡಿಸಿದರೆ ನಷ್ಟದ ಬಾಬತ್ತು. ಹೆಚ್ಚು ಓಡಿಸಿದಷ್ಟೂ ಲಾಭ ಕೊಡುವ ಗಾಡಿ ಇದು. ಮನೆಯಲ್ಲಿ ಹೆಚ್ಚು ಓಡಾಡುವವರು ಯಾರೋ ಅವರ ಕೈಯಲ್ಲಿರಬೇಕು. ನೀವು ಹೆಚ್ಚು ಓಡಾಡುವುದಾದರೆ ತಗೊಳ್ಳಿ. ಇಲ್ಲವಾದರೆ ಹಳೇ ಕಾರಿನಲ್ಲೇ ಹತ್ತು ದಿನ ಕ್ಲಾಸಿಗೆ ಹೋಗಿ ಕಲಿಯುವುದು ಜಾಣತನ.

ಗೃಹಜ್ಯೋತಿ ಕೈತಪ್ಪೀತು, ಜೋಕೆ

ಶೋರೂಮಿನವರು ಸಾಮಾನ್ಯವಾಗಿ ಹೇಳದ ಸಂಗತಿ ಇದು. 2023ರ ಆಗಸ್ಟ್ ಬಿಲ್ಲಿನಿಂದ ಬಂದ ಗೃಹಜ್ಯೋತಿಯಲ್ಲಿ ನಿಮ್ಮ ಮನೆಯ ಹಿಂದಿನ ಸರಾಸರಿ ಬಳಕೆಯ ಮೇಲೆ ಮಿತಿ ಗೊತ್ತುಮಾಡಿದ್ದಾರೆ. ಆ ಮಿತಿ ದಾಟಿದರೆ ಹೆಚ್ಚಾದ ಯೂನಿಟ್ಟಿಗೆ ದುಡ್ಡು ಕೊಡಬೇಕು. 200 ಯೂನಿಟ್ ದಾಟಿದರೆ ಇಡೀ ಬಿಲ್ಲೇ ನಿಮ್ಮ ತಲೆಗೆ! ತಿಂಗಳಿಗೆ 600 ಕಿ.ಮೀ. ಓಡಿಸಲು 108 ಯೂನಿಟ್ ಬೇಕು. ಮನೆಗೆ 120 ಯೂನಿಟ್ ಉರಿಯುತ್ತಿದ್ದರೆ ಒಟ್ಟು 228. ಇಷ್ಟು ದಿನ ಸೊನ್ನೆ ಬರುತ್ತಿದ್ದ ಬಿಲ್ಲು ಸಾವಿರದ ಮುನ್ನೂರು ದಾಟುತ್ತದೆ. ಆಗ ಬೈಗುಳ ಕಾರಿಗಲ್ಲ, ಓಡಿಸಿದ ನಿಮಗೆ. ಆದ್ದರಿಂದ ಕಾರು ಬರುವ ಮುಂಚೆಯೇ ಬೆಸ್ಕಾಂ ಕಚೇರಿಗೆ ಹೋಗಿ ಎಲೆಕ್ಟ್ರಿಕ್ ವಾಹನಕ್ಕೆ ಪ್ರತ್ಯೇಕ ಮೀಟರ್ ಹಾಕಿಸುವ ಬಗ್ಗೆ ವಿಚಾರಿಸಿ. ಅದಕ್ಕೆ ದರವೇ ಬೇರೆ ಇದೆ.

ಬಿಲ್ಲಿನಲ್ಲಿ ‘ಮಂಜೂರಾದ ಲೋಡ್’ ಎಷ್ಟು ಅಂತಲೂ ನೋಡಿ. ಎರಡು ಕಿಲೋವ್ಯಾಟ್ ಇದ್ದರೆ ಕಾರಿನ ಚಾರ್ಜರ್ ಒಂದಕ್ಕೇ ಸಾಲದು. ಹೆಚ್ಚಿಸಿಕೊಳ್ಳಿ. ಒಳ್ಳೆಯ ಎಲೆಕ್ಟ್ರಿಷಿಯನ್‌ನಿಂದ ಅರ್ಥಿಂಗ್ ಪರೀಕ್ಷೆ ಮಾಡಿಸಿ. ಕಾರಿನ ಪ್ಲಗ್ಗಿಗೆ ಬೇರೆಯೇ ದಪ್ಪ ವೈರು, ಬೇರೆ ಎಂಸಿಬಿ ಇರಲಿ. ಕಿಟಕಿಯಿಂದ ಎಕ್ಸ್‌ಟೆನ್ಷನ್ ಬೋರ್ಡ್ ಇಳಿಬಿಟ್ಟು ಚಾರ್ಜ್ ಮಾಡುವುದಂತೂ ಖಂಡಿತ ಬೇಡ. ಗಂಟೆಗಟ್ಟಲೆ ಅಷ್ಟು ಕರೆಂಟು ಹರಿದರೆ ಅಗ್ಗದ ಬೋರ್ಡು ಕರಗಿ ಬೆಂಕಿ ಹತ್ತುತ್ತದೆ. ಅಮ್ಮನ ಮನೆಯ ಹಳೇ ವೈರಿಂಗಿಗೂ ಈ ಮಾತು ಅನ್ವಯಿಸುತ್ತದೆ. ಕಾರು ಒಯ್ಯುವ ಮುಂಚೆ ಅಲ್ಲೊಂದು ಒಳ್ಳೆಯ ಪಾಯಿಂಟ್ ಹಾಕಿಸಿ, ಮಳೆ ಬೀಳದ ಜಾಗದಲ್ಲಿ. ಅಪಾರ್ಟ್‌ಮೆಂಟಿನಲ್ಲಿರುವವರು ಬುಕ್ ಮಾಡುವ ಮುಂಚೆ ಅಸೋಸಿಯೇಷನ್ನಿನ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ.

ಬ್ಯಾಟರಿಗೆ ಸಾಮಾನ್ಯವಾಗಿ ಎಂಟು ವರ್ಷದ ವಾರಂಟಿ ಇರುತ್ತದೆ. ಯಾವ ಷರತ್ತಿಗೆ ವಾರಂಟಿ ತಪ್ಪುತ್ತದೆ ಅಂತ ಓದಿ ಸಹಿ ಹಾಕಿ. ರಸ್ತೆ ತೆರಿಗೆಯ ನಿಯಮ ಆಗಾಗ ಬದಲಾಗುತ್ತದೆ, ಕೊಳ್ಳುವ ದಿನದ ದರವನ್ನು ಆರ್‌ಟಿಒದಲ್ಲೇ ಕೇಳಿ.

ಹಳ್ಳಿಯ ರಸ್ತೆಗೆ ಇಳಿದಾಗ

ಮೊದಲ ದಿನವೇ ಹೆದ್ದಾರಿಗೆ ಹೋಗಬೇಡಿ. ಎರಡು ವಾರ ಬಡಾವಣೆಯಲ್ಲಿ, ಇನ್ನೆರಡು ವಾರ ವರ್ತುಲ ರಸ್ತೆಯಲ್ಲಿ, ಆಮೇಲೆ ತವರು. ಹಾಸನದ ಹೆದ್ದಾರಿಯಲ್ಲಿ ಎಪ್ಪತ್ತು ಎಂಬತ್ತರ ವೇಗ ಸಾಕು. ನೂರರಲ್ಲಿ ಓಡಿಸಿದರೆ ಬ್ಯಾಟರಿ ಕಣ್ಣೆದುರೇ ಇಳಿಯುತ್ತದೆ, ಮೇಲೆ ಹಾಕಿದ ಲೆಕ್ಕವೆಲ್ಲ ತಪ್ಪುತ್ತದೆ. ಫಾಸ್ಟ್‌ಟ್ಯಾಗಿನಲ್ಲಿ ದುಡ್ಡಿರಲಿ. ಹಸಿರು ನಂಬರ್ ಪ್ಲೇಟ್ ಇದೆ ಅಂತ ಟೋಲಿನಲ್ಲಿ ಬಿಡುವುದಿಲ್ಲ.

ಹೆದ್ದಾರಿ ಬಿಟ್ಟು ಊರಿನ ರಸ್ತೆಗೆ ತಿರುಗಿದ ಮೇಲೆ ನಿಜವಾದ ಎಚ್ಚರ ಬೇಕು. ಸುಗ್ಗಿಯ ಕಾಲದಲ್ಲಿ ನಮ್ಮ ಹಳ್ಳಿಗಳಲ್ಲಿ ಟಾರು ರಸ್ತೆಯೇ ಕಣ. ರಾಗಿ, ಹುರುಳಿ ಹರಡಿ, ಹೋಗುವ ಗಾಡಿಗಳಿಂದಲೇ ಒಕ್ಕಣೆ ಮಾಡಿಸುತ್ತಾರೆ. ಬಗ್ಗಿಕೊಂಡು ಹುಲ್ಲು ಕೊಡವುತ್ತಿರುವ ಅಜ್ಜಿಗೆ ಲಾರಿಯ ಸದ್ದು ಕೇಳುತ್ತದೆ, ನಿಮ್ಮ ಕಾರಿನ ಸದ್ದು ಕೇಳುವುದಿಲ್ಲ. ಆಡುವ ಮಕ್ಕಳಿಗೂ ಅಷ್ಟೇ, ಮೇಯುವ ಹಸುವಿಗೂ ಅಷ್ಟೇ. ದೂರದಿಂದಲೇ ಒಮ್ಮೆ ಮೆಲ್ಲಗೆ ಹಾರ್ನ್ ಮಾಡಿ, ನಡಿಗೆಯ ವೇಗಕ್ಕೆ ಇಳಿಸಿ. ಹುರುಳಿ ಬಳ್ಳಿಯ ದಪ್ಪ ರಾಶಿಯ ಮೇಲೆ ಹತ್ತಿಸಬೇಡಿ, ಚಕ್ರದ ಒಳಗೆಲ್ಲ ಸುತ್ತಿಕೊಳ್ಳುತ್ತದೆ. ಇಳಿದು, ‘ಅಕ್ಕಾ, ಸ್ವಲ್ಪ ಸರಿಸ್ತೀರಾ?’ ಅಂತ ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ.

ಕೀ ಯಾರ ಹತ್ತಿರ?

ಇಷ್ಟೆಲ್ಲ ಕಲಿತರೂ ಕೊನೆಗೆ ಉಳಿಯುವುದು ಮನೆಯೊಳಗಿನ ಪ್ರಶ್ನೆ. ಕಾರು ಬಂದ ಮೇಲೆ ಕೀ ಯಾರ ಹತ್ತಿರ ಇರುತ್ತದೆ? ಎಷ್ಟೋ ಮನೆಗಳಲ್ಲಿ ‘ಅವಳಿಗೆ ಅಂತ ತಗೊಂಡ’ ಕಾರು ಆರು ತಿಂಗಳಿಗೆ ಯಜಮಾನರ ಆಫೀಸಿಗೆ ಹೋಗತೊಡಗುತ್ತದೆ, ಪೆಟ್ರೋಲ್ ದುಬಾರಿ ಅನ್ನುವ ನೆಪದಲ್ಲಿ. ಹೆಂಡತಿ ಮತ್ತೆ ಆಟೋ ಸ್ಟ್ಯಾಂಡಿನಲ್ಲಿ! ಇನ್ನು ಕೆಲವು ಕಡೆ ಕಾರು ಇರುತ್ತದೆ, ಅನುಮತಿ ಇರುವುದಿಲ್ಲ. ‘ಒಬ್ಬಳೇ ಅಷ್ಟು ದೂರ ಯಾಕೆ?’ ಅನ್ನುವ ಮಾತು ಕ್ಲಚ್ಚಿಗಿಂತ ಗಟ್ಟಿಯಾಗಿ ಕಾಲು ಹಿಡಿಯುತ್ತದೆ. ಅದಕ್ಕೆ ಯಾವ ಕಂಪನಿಯೂ ಬಟನ್ ಕಂಡುಹಿಡಿದಿಲ್ಲ.

ಇದಕ್ಕೆ ಜಗಳವೇ ದಾರಿ ಅಂತ ನಾವು ಹೇಳುವುದಿಲ್ಲ. ಯಜಮಾನರ ಆತಂಕವೂ ಸುಳ್ಳಲ್ಲ, ರಸ್ತೆಗಳು ಹಾಗಿವೆ. ಆ ಆತಂಕಕ್ಕೆ ಉತ್ತರ ನಿಮ್ಮ ತಯಾರಿ. ಮೊದಲ ಎರಡು ಪ್ರಯಾಣಕ್ಕೆ ಅವರು ಜೊತೆಗೆ ಬರಲಿ, ಪಕ್ಕದಲ್ಲಿ ಕೂತು ಸುಮ್ಮನೆ ನೋಡಲಿ. ಮೂರನೆಯದಕ್ಕೆ ನೀವೊಬ್ಬರೇ ಹೊರಡಿ. ಸಾಧ್ಯವಾದರೆ ಆರ್‌ಸಿ ನಿಮ್ಮ ಹೆಸರಿನಲ್ಲಿರಲಿ. ಗಾಡಿಯ ಮಾಲೀಕರೇ ಓಡಿಸುವಾಗ ಸಿಗುವ 15 ಲಕ್ಷ ರೂಪಾಯಿಯ ಅಪಘಾತ ವಿಮೆ, ಆರ್‌ಸಿ ಯಾರ ಹೆಸರಿನಲ್ಲಿದೆಯೋ ಅವರಿಗೆ, ಅದೂ ಲೈಸೆನ್ಸ್ ಇದ್ದರೆ. ವಾರದ ಯಾವ ದಿನ ಕಾರು ಯಾರಿಗೆ ಅನ್ನುವುದು ಕೊಳ್ಳುವ ಮುಂಚೆಯೇ ಮಾತಾಗಲಿ. ಮನೆಯಲ್ಲಿ ಗೇರಿನ ಕಾರೂ ಇದ್ದರೆ ಅದನ್ನೂ ಕಲಿತಿರಿ. ಅರ್ಧರಾತ್ರಿ ಯಾರಿಗಾದರೂ ಎದೆನೋವು ಬಂದಾಗ, ಚಾರ್ಜ್ ಇಲ್ಲದ ಕಾರಿನ ಪಕ್ಕ ಪೆಟ್ರೋಲ್ ತುಂಬಿದ ಕಾರು ನಿಂತಿದ್ದು, ಅದು ನಿಮಗೆ ಬಾರದೇ ಇದ್ದರೆ ಏನು ಫಲ?

ಲೋಕದಲ್ಲಿ ಮೊಟ್ಟಮೊದಲ ಸಲ ಮೋಟಾರು ಗಾಡಿಯಲ್ಲಿ ದೂರದ ಊರಿಗೆ ಹೋದವರು ಯಾರು ಗೊತ್ತೇ? ಒಬ್ಬ ಹೆಂಗಸು, ಜರ್ಮನಿಯ ಬರ್ತಾ ಬೆಂಝ್. ಗಂಡ ಕಾರ್ಲ್ ಬೆಂಝ್ ಗಾಡಿ ಕಂಡುಹಿಡಿದಿದ್ದ, ಆದರೆ ಕೊಳ್ಳುವವರು ಇರಲಿಲ್ಲ. 1888ರ ಆಗಸ್ಟ್‌ನಲ್ಲಿ ಈಕೆ ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು, ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ನೂರು ಕಿ.ಮೀ.ಗಿಂತ ಹೆಚ್ಚು ದೂರ ಹೊರಟೇಬಿಟ್ಟಳು. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು. ಇಂಧನ ಮುಗಿದಾಗ ಔಷಧಿ ಅಂಗಡಿಯಲ್ಲಿ ಕೊಂಡಳು. ಫೋರ್ಟ್ಸ್‌ಹೈಮ್‌ನಲ್ಲಿ ಇದ್ದದ್ದು ಅವಳ ತಾಯಿ. ಹೌದು, ಮೋಟಾರು ಗಾಡಿಯ ಮೊದಲ ದೂರ ಪ್ರಯಾಣ ತವರುಮನೆಗೆ!

ನೂರಮೂವತ್ತು ವರ್ಷಗಳ ಹಿಂದೆ ಆಕೆಗೆ ರಸ್ತೆ ಇರಲಿಲ್ಲ, ಬಂಕ್ ಇರಲಿಲ್ಲ, ಹಿಂದೆ ಹೋದವರ ಅನುಭವವೂ ಇರಲಿಲ್ಲ. ನಮಗೆ ಇವೆಲ್ಲ ಇವೆ. ನಮ್ಮ ಓದುಗರು ಇನ್ನೂ ಕಾರು ಬುಕ್ ಮಾಡಿಲ್ಲ. ಬೆಸ್ಕಾಂನಲ್ಲಿ ಮೀಟರಿನ ವಿಚಾರಣೆ ನಡೆದಿದೆ, ಅಮ್ಮನ ಮನೆಯ ವೈರಿಂಗ್ ಬದಲಾಗುತ್ತಿದೆ. ಈ ಮಧ್ಯೆ ದಿನಾ ಬೆಳಗ್ಗೆ ಆರಕ್ಕೆ ಎದ್ದು ಮನೆಯ ಹಳೇ ಕಾರಿನಲ್ಲೇ ಎರಡು ಸುತ್ತು ಹಾಕುತ್ತಿದ್ದಾರೆ. ನೀವೂ ಇವತ್ತು ಬೀರು ತೆಗೆದು ಆ ಲೈಸೆನ್ಸಿನ ತಾರೀಖು ಒಮ್ಮೆ ನೋಡಿ. ಜ್ವರ ಭಾನುವಾರಕ್ಕೆ ಕಾಯುವುದಿಲ್ಲ.